ಅವಿರೋಧ

ಚಟ್ಟದ ಮುಂದಿನ ಮೂಲೆಗೆ ಸಂಘದ ಅಧ್ಯಕ್ಷರು ಹೆಗಲು ಕೊಡಹೋದಾಗ ಸತ್ತವನ ಅಳಿಯ ಅಡ್ಡ ಬಂದ.

"ನೀವು ಬೇಡಿ ಸಾರ್. ಮನೆಯವರೇ ಹೊರ್ತೀವಿ."

ಬಾಗಿಲಲ್ಲಿ ಕೂತಿದ್ದ ಸತ್ತವನ ಹೆಂಡತಿ ತಲೆಯೆತ್ತಿದಳು. "ಬಿಡಪ್ಪ. ಒಂಬತ್ತು ಸಲ ಸೋಲಿಸಿದಾರೆ, ಒಂದು ಸಲ ಹೊರಲಿ."

ಸುತ್ತ ನಿಂತಿದ್ದ ಡ್ರೈವರುಗಳು ನಕ್ಕು, ನಕ್ಕಿದ್ದಕ್ಕೆ ನಾಚಿ ತಲೆ ತಗ್ಗಿಸಿದರು. ಬಸ್ ಡಿಪೊದಲ್ಲಿ ಮೂವತ್ತು ವರ್ಷ ಬ್ರೇಕ್ ರಿಪೇರಿ ಮಾಡಿ, ನಿನ್ನೆ ಕೆಲಸದಲ್ಲೇ ಎದೆ ಹಿಡಿದುಕೊಂಡು ಕುಸಿದವನನ್ನು ಅವರು ಕರೆಯುತ್ತಿದ್ದುದೇ ಸೋಲಪ್ಪ ಎಂದು. ಕಾರ್ಮಿಕ ಸಂಘದ ಪ್ರತಿ ಚುನಾವಣೆಯಲ್ಲೂ ಅಧ್ಯಕ್ಷರ ಎದುರು ನಿಂತು, ಪ್ರತಿ ಸಲವೂ ಮಕಾಡೆ ಬಿದ್ದವನು.

*

ಮೊದಲ ಸಲ ಸೋತ ದಿನ ಹೆಂಡತಿ ಕೇಳಿದ್ದಳು: "ಹನ್ನೊಂದು ವೋಟು. ಯಾವ ಸುಖಕ್ಕೆ ನಿಂತ್ರಿ?"

ಉಗುರಿನ ಗ್ರೀಸು ತಿಕ್ಕುತ್ತಲೇ ಅವನೆಂದ: "ನಾನು ನಿಂತಿದ್ದಕ್ಕೆ ತಾನೇ ಆ ಮನುಷ್ಯ ವೋಟು ಕೇಳೋಕೆ ಶೆಡ್ಡಿಗೆ ಬಂದಿದ್ದು? ಕಸ ಗುಡಿಸೋಳ ಮುಂದೂ ಕೈಮುಗಿದ. ಹೆಂಗಸರಿಗೆ ಕಕ್ಕಸ್ ಇಲ್ಲ ಅಂತ ಅವನಿಗೆ ಗೊತ್ತಾಗಿದ್ದೇ ಆವತ್ತು."

ಎರಡೇ ತಿಂಗಳಲ್ಲಿ ಕಕ್ಕಸ್ ಕಟ್ಟಿದರು.

ಎಣಿಕೆ ಮುಗಿದ ಮೇಲೆ ಅವನು ಪ್ರತಿ ಸಲವೂ ಅಧ್ಯಕ್ಷರ ಕೋಣೆಗೆ ಹೋಗಿ ಕೂರುತ್ತಿದ್ದ. "ಗೆದ್ದೆಯಲ್ಲ, ಈಗ ನಿನ್ನ ತಪ್ಪು ಕೇಳು." ಮೊದಮೊದಲು ಅಧ್ಯಕ್ಷರು ಹಲ್ಲು ಕಡಿಯುತ್ತಿದ್ದರು. ಆಮೇಲಾಮೇಲೆ ಅವನು ಬರುವವರೆಗೆ ಚಹಾ ಕುಡಿಯದೆ ಕಾಯುತ್ತಿದ್ದರು. ಇಡೀ ಡಿಪೊದಲ್ಲಿ 'ಸಾರ್' ಅನ್ನದೆ ಅವರೊಡನೆ ಮಾತಾಡುತ್ತಿದ್ದವನು ಅವನೊಬ್ಬನೇ.

*

ಸ್ಮಶಾನದಿಂದ ಮರಳುವಾಗ ಸಂಘದ ಕಾರ್ಯದರ್ಶಿ ಪಕ್ಕಕ್ಕೆ ಬಂದು ಪಿಸುಗುಟ್ಟಿದ. "ನಾಮಪತ್ರಕ್ಕೆ ಇವತ್ತು ಸಂಜೆ ಐದು ಗಂಟೆಯೇ ಕೊನೆ. ಅವಿರೋಧ ಆಯ್ಕೆ ಸಾರ್. ಓಡಾಟ ತಪ್ಪಿತು."

ಅಧ್ಯಕ್ಷರು ತಿರುಗಿ ನೋಡಿದರು. ಹಿಂದೆ ಕಸ ಗುಡಿಸುವ ಹೆಂಗಸು ಬರುತ್ತಿದ್ದಳು. ಅವರು ನಿಂತು ಅವಳನ್ನು ಕಾದರು.

"ನೀನು ನಿಲ್ತೀಯೇನಮ್ಮ?"

"ನಾನಾ?" ಅವಳು ಸೆರಗಿನಲ್ಲಿ ಮುಖ ಒರೆಸಿಕೊಂಡಳು. "ಎದುರು ನಿಂತ ತಪ್ಪಿಗೆ ಆ ಪುಣ್ಯಾತ್ಮನ್ನ ಎಷ್ಟು ಸಲ ದೂರದ ಡಿಪೊಗೆ ಎತ್ತಿಹಾಕಿಸಿದ್ರಿ, ನೆನಪಿದ್ಯಾ?"

"ಎರಡು ಸಲ."

"ಮೂರು. ಅವನಿಗಿದ್ದ ಗುಂಡಿಗೆ ನಮಗಿಲ್ಲ ಸಾಮಿ."

ಮುಂದಿನ ದಾರಿಯನ್ನು ಅವರು ಒಬ್ಬರೇ ನಡೆದರು.

ಸಂಜೆ ಸಂಘದ ಕಚೇರಿಯ ಗಡಿಯಾರ ಐದು ದಾಟಿತು. ಗುಮಾಸ್ತ ಪೆನ್ನಿನ ಮುಚ್ಚಳ ತೆಗೆದ. "ಒಂದೇ ಅರ್ಜಿ ಸಾರ್. ಅವಿರೋಧ ಅಂತ ಬರೆದುಬಿಡ್ಲಾ?"

"ತಾಳು ಸ್ವಲ್ಪ."

ಅಧ್ಯಕ್ಷರು ಎದ್ದುಹೋಗಿ, ಮುಚ್ಚಿದ್ದ ಇನ್ನೊಂದು ಕದವನ್ನೂ ತೆರೆದು, ಶೆಡ್ಡಿನ ಕಡೆ ನೋಡುತ್ತ ಹೊಸ್ತಿಲಲ್ಲಿ ನಿಂತರು.