ಫ್ಯೂಸ್ ಜಾಗದಲ್ಲಿ ಬೇಗಡೆ ಕಾಗದ

ಸಂಜೆ ಕತ್ತಲಾಗುವ ಹೊತ್ತು. ಟೈಲರ್ ಮಗಳನ್ನು ಬೈಕಿನ ಹಿಂದೆ ಕೂರಿಸಿಕೊಂಡು ಮನೆಗೆ ಬರುತ್ತಿದ್ದ. ತನ್ನ ಬೀದಿಗೆ ಹ್ಯಾಂಡಲ್ ಎಡಕ್ಕೆ ತಿರುಗಿಸಿದ್ದೇ ತಡ, ಹೆಡ್‌ಲೈಟ್ ಆರಿಹೋಯಿತು. ಎದುರಿಗೆ ಇಟ್ಟಿಗೆ ತುಂಬಿದ ಕೈಗಾಡಿ ನಿಂತಿದ್ದು ಅವನಿಗೆ ಕಾಣಲೇ ಇಲ್ಲ. ಮಗಳು "ಅಪ್ಪಾ!" ಎಂದು ಕಿರುಚಿದಳು. ಬ್ರೇಕ್ ಹಾಕಿದಾಗ ಮುಂದಿನ ಚಕ್ರಕ್ಕೂ ಗಾಡಿಗೂ ಗೇಣು ಅಂತರ ಉಳಿದಿತ್ತು.

ಟೈಲರ್ ಇಳಿದು ಹೆಡ್‌ಲೈಟಿಗೆ ಎರಡೇಟು ಹಾಕಿದ. ದೀಪ ಹತ್ತಿಕೊಂಡಿತು.

"ನೋಡಿದ್ಯಾ? ಏಟು ಬಿದ್ರೆ ಎಲ್ಲಾ ದಾರಿಗೆ ಬರುತ್ತೆ" ಎಂದು ನಕ್ಕ. ಮಗಳು ನಗಲಿಲ್ಲ.

ಮರುದಿನ ದೀಪವೂ ಇಲ್ಲ, ಹಾರನ್ನೂ ಇಲ್ಲ. ಪಕ್ಕದ ಮುಚ್ಚಳ ತೆಗೆದು ನೋಡಿದರೆ ಫ್ಯೂಸ್ ಸುಟ್ಟಿತ್ತು. ಹೊಸದು ತಂದು ಹಾಕಿದ. ಹ್ಯಾಂಡಲ್ ಎಡಕ್ಕೆ ತಿರುಗಿಸುತ್ತಿದ್ದಂತೆ ಅದೂ ಸುಟ್ಟಿತು. ಇನ್ನೊಂದು ತರಲು ಅವನಿಗೆ ಬೇಸರ. ಸಿಗರೇಟ್ ಪ್ಯಾಕಿನ ಬೇಗಡೆ ಕಾಗದ ಹರಿದು, ಸುಟ್ಟ ಫ್ಯೂಸಿಗೆ ಸುತ್ತಿ, ಅದನ್ನೇ ಮತ್ತೆ ಒಳಗೆ ಒತ್ತಿದ. ದೀಪ ಝಗ್ಗೆಂದು ಹತ್ತಿತು. ಊರಿಗೆಲ್ಲ ಒಂದು ದಾರಿಯಾದರೆ ನಮ್ಮ ಟೈಲರಿಗೇ ಒಂದು ದಾರಿ! ಹರಿದ ಬಟ್ಟೆಗೆ ತೇಪೆ ಹಾಕಿದಂತೆ ಬೈಕಿಗೂ ಹಾಕಿದ್ದೇನೆ ಎಂದು ಬೀದಿಯವರ ಮುಂದೆಲ್ಲ ಕೊಚ್ಚಿಕೊಂಡ.

ಅವನ ಮನೆ ಎಂದರೆ ಮುಂದೆ ಒಂದು ಕೋಣೆ, ಹಿಂದೆ ಅಡುಗೆಮನೆ. ಇರುವುದು ಒಂದೇ ಬಾಗಿಲು. ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ, ಬಟ್ಟೆಯ ರಾಶಿ, ಗೋಡೆಗೆ ಒತ್ತಿ ಅವನ ತಾಯಿಯ ಮಂಚ. ಬಿದ್ದು ಸೊಂಟ ಮುರಿದುಕೊಂಡ ಮೇಲೆ ಆಕೆ ಎದ್ದು ನಡೆದಿಲ್ಲ. ಬೀದಿಯಲ್ಲಿ ಬೈಕ್ ಕಳ್ಳರ ಕಾಟ ಇದ್ದುದರಿಂದ ಟೈಲರ್ ಸಂಜೆಯಾದರೆ ಬೈಕನ್ನು ಒಳಗೆ ತಳ್ಳಿ, ಮಂಚಕ್ಕೂ ಬಾಗಿಲಿಗೂ ನಡುವೆ ನಿಲ್ಲಿಸಿ, ಹ್ಯಾಂಡಲನ್ನು ಎಡಕ್ಕೆ ಎಳೆದು ಲಾಕ್ ಮಾಡುತ್ತಿದ್ದ.

"ಲೋ, ಏನೋ ಸುಟ್ಟ ವಾಸ್ನೆ ಕಣೋ" ಎಂದರು ತಾಯಿ ಒಂದು ದಿನ. "ಪ್ಲಾಸ್ಟಿಕ್ ಸುಟ್ಟಂಗಿದೆ."

"ಇಸ್ತ್ರಿ ಪೆಟ್ಟಿಗೆ ವಾಸ್ನೆ ಕಣಮ್ಮಾ. ಸುಮ್ನೆ ಮಲ್ಕೋ."

ಹೆಂಡತಿ ಇಸ್ತ್ರಿ ಪೆಟ್ಟಿಗೆ ಮುಟ್ಟಿ ನೋಡಿದಳು. ತಣ್ಣಗಿತ್ತು. ಮಾರನೆಯ ದಿನವೂ ಅತ್ತೆ ಅದೇ ಮಾತು ಹೇಳಿದಾಗ ಅವಳಿಗೆ ಯಾಕೋ ಸಮಾಧಾನವಾಗಲಿಲ್ಲ. ಬೈಕಿನ ಹತ್ತಿರ ಬಗ್ಗಿ ಮೂಸಿದಳು. ಹ್ಯಾಂಡಲಿನ ಕೆಳಗೆ ಇದ್ದ ತಂತಿಗಳ ಕಟ್ಟಿಗೆ ಬೆರಳು ತಾಗಿಸಿದಳು. ಬೆಚ್ಚಗಿತ್ತು. ಅಂದು ಬೈಕು ಮನೆಬಿಟ್ಟು ಹೊರಗೇ ಹೋಗಿರಲಿಲ್ಲ.

ಎದುರು ಮನೆಯಲ್ಲಿ ಗಂಟೆ ಮಾವ ಇದ್ದ. ಬೆಂಕಿ ಆರಿಸುವ ಗಾಡಿ ಓಡಿಸಿ ನಿವೃತ್ತನಾದವನು. ಆ ಗಾಡಿಯ ಗಂಟೆಯಿಂದಲೇ ಬೀದಿಯವರು ಅವನಿಗೆ ಆ ಹೆಸರಿಟ್ಟಿದ್ದರು. ಹೆಂಡತಿ ಬೈಕಿನ ಪಕ್ಕದ ಸಂದಿಯಲ್ಲಿ ಮೈ ಓರೆ ಮಾಡಿ ನುಸುಳಿ ಹೋಗಿ ಕರೆತಂದಳು. ಮಾವ ಬೈಕಿನ ಮುಚ್ಚಳ ತೆಗೆಸಿ ನೋಡಿದ. ಮುಖದ ನಗು ಮಾಯವಾಯಿತು.

"ಈ ಬೇಗಡೆ ಹಾಕಿದ್ ಯಾರು?"

"ನಾನೇ ಮಾವ. ಎಡಕ್ಕೆ ತಿರುಗಿಸಿದ್ರೆ ದೀಪ ಹೋಗ್ತಿತ್ತು, ಹೊಸ ಫ್ಯೂಸ್ ಹಾಕಿದ್ರೂ ಸುಟ್ಟೋಯ್ತು. ಈಗ ನೋಡಿ, ಯಾವ ತಂಟೆನೂ ಇಲ್ಲ."

"ಫ್ಯೂಸ್ ಸುಟ್ಟಿದ್ದು ನಿನ್ನ ಕಾಡಿಸೋಕಲ್ಲಪ್ಪ. ಎಲ್ಲೋ ತಂತಿ ಬರಿದಾಗಿ ಕಬ್ಬಿಣಕ್ಕೆ ತಾಗ್ತಿದೆ. ತಂತಿ ಹೊತ್ಕೊಳ್ಳೋ ಬದ್ಲು ತಾನು ಸುಟ್ಕೊಂಡು ನಿಮ್ಮನ್ನ ಉಳಿಸ್ತಿತ್ತು. ಬೇಗಡೆ ಸುಡಲ್ಲ. ಇನ್ನು ಸುಡೋದು ತಂತಿನೇ."

"ಅಯ್ಯೋ ಬಿಡಿ ಮಾವ, ಹೆಂಗಸರನ್ನ ಹೆದರಿಸ್ಬೇಡಿ. ಕೀ ನನ್ ಜೇಬಲ್ಲಿದೆ. ಕೀ ತೆಗೆದ್ಮೇಲೆ ಕರೆಂಟ್ ಎಲ್ಲಿಂದ ಬರ್ಬೇಕು?"

"ಬ್ಯಾಟರಿಯಿಂದ ಕೀ ಹಾಕೋ ಜಾಗದವರೆಗೆ ಒಂದು ತಂತಿ ಬರುತ್ತಲ್ಲ, ಅದ್ರಲ್ಲಿ ಯಾವಾಗ್ಲೂ ಕರೆಂಟ್ ಇರುತ್ತೆ. ಬರೋದೂ ಈ ಕಟ್ಟಿನಲ್ಲೇ. ಎಡಕ್ಕೆ ತಿರುಗಿಸ್ದಾಗ ದೀಪ ಹೋಗ್ತಿತ್ತು ಅಂದ್ಯಲ್ಲ? ಈಗ ಯಾವ ಕಡೆ ತಿರುಗಿಸಿ ಲಾಕ್ ಮಾಡಿದ್ದೀಯ ನೋಡು."

ಟೈಲರ್ ಹ್ಯಾಂಡಲಿನ ಕಡೆ ತಿರುಗಿ ನೋಡಿದ. ಅಷ್ಟರಲ್ಲಿ ಮಂಚದಿಂದ ತಾಯಿಯ ದನಿ ಬಂತು. "ಮಗಾ... ಹೊಗೆ..."

ಹ್ಯಾಂಡಲಿನ ಕೆಳಗಿಂದ ಸಣ್ಣದಾಗಿ ಹೊಗೆ ಏಳುತ್ತಿತ್ತು. ನೋಡನೋಡುತ್ತ ಅದು ದಪ್ಪಗಾಯಿತು. ಅದರ ಹಿಂದೆಯೇ ಪೆಟ್ರೋಲ್ ಟ್ಯಾಂಕ್. ಮಗಳು ಅಡುಗೆಮನೆಯಲ್ಲಿದ್ದಳು. ತಾಯಿ ಮಂಚದ ಮೇಲಿದ್ದರು. ಇಬ್ಬರಿಗೂ ಬಾಗಿಲಿಗೂ ನಡುವೆ ಬೈಕ್ ಅಡ್ಡವಾಗಿ ನಿಂತಿತ್ತು.

"ಲಾಕ್ ತೆಗಿ! ಬೇಗ!" ಮಾವ ಕೂಗಿದ.

ಟೈಲರ್ ಜೇಬಿಗೆ ಕೈ ಹಾಕಿದ. ದಿನವೂ ಸೂಜಿಗೆ ದಾರ ಪೋಣಿಸುವ ಆ ಕೈಯಿಂದ ಕೀ ಜಾರಿ ನೆಲಕ್ಕೆ ಬಿತ್ತು. ಬಟ್ಟೆಯ ಚೂರುಗಳ ನಡುವೆ ತಡಕಾಡಿದ, ಸಿಗಲಿಲ್ಲ. ಹೆಂಡತಿ ಅತ್ತೆಯನ್ನು ಕಂಕುಳಿಗೆ ಕೈಹಾಕಿ ಎಬ್ಬಿಸಲು ನೋಡಿದಳು, ಆಗಲಿಲ್ಲ. "ನನ್ನ ಬಿಡೇ, ಮಗೂನ ಕರ್ಕೊಂಡ್ ಹೋಗೇ" ಎಂದು ಮುದುಕಿ ಅವಳ ಕೈ ತಳ್ಳುತ್ತಿದ್ದರು. ಹೋಗುವುದಾದರೂ ಎಲ್ಲಿಂದ? ಬೈಕಿನ ಪಕ್ಕದ ಸಂದಿಯೂ ಹೊಗೆಯಿಂದ ತುಂಬಿತ್ತು.

ಕೊನೆಗೂ ಕೀ ಸಿಕ್ಕಿತು. ಟೈಲರ್ ಲಾಕ್ ತೆಗೆದು ಹ್ಯಾಂಡಲ್ ನೆಟ್ಟಗೆ ಮಾಡಿದ. ಮಾವ ಹಿಂದಿನಿಂದ ನೂಕಿದ. ಬೈಕು ಹೊಸ್ತಿಲು ದಾಟಿ ಬೀದಿಗೆ ಬಂತು. ಮಾವ ದಪ್ಪ ಬಟ್ಟೆ ಕೈಗೆ ಸುತ್ತಿಕೊಂಡು ಬೇಗಡೆ ಸುತ್ತಿದ ಫ್ಯೂಸನ್ನು ಕಿತ್ತೆಸೆದ. ಹೊಗೆ ಮೆಲ್ಲಗೆ ನಿಂತಿತು.

ಟೈಲರ್ ಜಗಲಿಯ ಮೇಲೆ ಕುಸಿದು ಕೂತ.

"ಇವತ್ತು ನಾವೆಲ್ಲ ಎದ್ದಿದ್ವಿ, ಉಳಿದ್ವಿ" ಎಂದ ಮಾವ. "ಎಲ್ರೂ ಮಲಗಿದ್ದಾಗ ಹತ್ತಿಕೊಂಡ ಮನೆಗಳಿಗೂ ನಾನು ಹೋಗಿದ್ದೀನಿ. ಅಲ್ಲಿ ಏನು ನೋಡ್ದೆ ಅಂತ ಮಾತ್ರ ಕೇಳ್ಬೇಡ."

ಬೆಳಿಗ್ಗೆ ಟೈಲರ್, ಮಾವ ಇಬ್ಬರೂ ಬೈಕನ್ನು ತಳ್ಳಿಕೊಂಡೇ ವಾಹನಗಳ ಎಲೆಕ್ಟ್ರಿಷಿಯನ್ ಹತ್ತಿರ ಹೋದರು. ಅವನು ಹೆಡ್‌ಲೈಟನ್ನೂ ಟ್ಯಾಂಕನ್ನೂ ಬಿಚ್ಚಿದ. ಕಬ್ಬಿಣಕ್ಕೆ ಉಜ್ಜಿ ಉಜ್ಜಿ ಸಿಪ್ಪೆ ಹೋದ ತಂತಿಗಳು ಕರಗಿ ಒಂದಕ್ಕೊಂದು ಅಂಟಿದ್ದವು. ಪೆಟ್ರೋಲ್ ಪೈಪಿನ ಒಂದು ಬದಿ ಕಪ್ಪಾಗಿತ್ತು. ಟೈಲರ್ ಅದನ್ನು ಬೆರಳಿನಿಂದ ಮುಟ್ಟಿ ನೋಡಿದ.

"ಅಣ್ಣ, ನಮ್ಮಂಥೋರಿಗೆ ಇದು ಮೊದ್ಲೇ ಗೊತ್ತಾಗೋದು ಹೇಗೆ?"

"ಗಾಡಿನೇ ಹೇಳುತ್ತಪ್ಪ, ನೀವು ಕೇಳ್ಬೇಕು ಅಷ್ಟೆ. ಹ್ಯಾಂಡಲ್ ತಿರುಗಿಸ್ದಾಗ ದೀಪ ಹೋಗಿ ಬಂದು ಮಾಡಿದ್ರೆ ತಂತಿ ಎಲ್ಲೋ ತಾಗ್ತಿದೆ, ಇಲ್ಲಾ ಒಳಗೇ ತುಂಡಾಗಿದೆ. ಗುಂಡಿಗೆ ಬಿದ್ದಾಗ ಮಿಣುಕಿದ್ರೆ ಜೋಡಣೆ ಸಡಿಲ ಆಗಿರುತ್ತೆ, ಇಲ್ಲಾ ಬಲ್ಬ್ ಹಿಂದೆ ತುಕ್ಕು ಹಿಡಿದಿರುತ್ತೆ. ಬಲ್ಬ್ ಕಪ್ಪಾಗಿದ್ರೆ ಬಲ್ಬ್ ಬದಲಾಯಿಸಿ, ಅದೇ ಅಳತೇದು ಹಾಕಿ. ಹೆಚ್ಚು ಬೆಳಕು ಬರಲಿ ಅಂತ ದೊಡ್ಡ ಬಲ್ಬ್ ಹಾಕಿದ್ರೆ ತಂತಿ ಕಾಯುತ್ತೆ. ಹಾರನ್ನೂ ಕುಂಟ್ತಿದ್ರೆ ಬ್ಯಾಟರಿ ನೋಡಿಸಿ."

"ಫ್ಯೂಸ್?"

"ಒಂದ್ಸಲ ಸುಟ್ರೆ ಅದೇ ನಂಬರಿಂದು ಹಾಕಿ. ಎರಡನೇ ಸಲವೂ ಸುಟ್ರೆ ಮೂರನೇದು ಹಾಕಲೇಬೇಡಿ. ಕಾರಣ ಹುಡುಕಿಸಿ."

ಹೊಸ ತಂತಿ ಎಳೆದು, ಮೇಲೆ ಕೊಳವೆ ಹೊದಿಸಿ, ಹ್ಯಾಂಡಲ್ ಎರಡೂ ಕಡೆ ತಿರುಗುವಷ್ಟು ಸಡಿಲ ಬಿಟ್ಟು ಅವನು ಕಟ್ಟಿಕೊಟ್ಟ. ಸರಿಯಾದ ಫ್ಯೂಸ್ ಹಾಕಿ, ದೀಪ ಹಚ್ಚಿ, ಎಡಕ್ಕೂ ಬಲಕ್ಕೂ ತಿರುಗಿಸಿ ತೋರಿಸಿದ. ಬೆಳಕು ಅಲುಗಲಿಲ್ಲ.

ಟೈಲರ್ ಮನೆಗೆ ಬಂದು ತಾಯಿಯ ಮಂಚದ ಹತ್ತಿರ ಕೂತ. ಬೈಕನ್ನು ಗಂಟೆ ಮಾವನ ಗೇಟಿನೊಳಗೆ, ಅಂಗಳದಲ್ಲಿ ಸರಪಳಿ ಹಾಕಿ ನಿಲ್ಲಿಸಿ ಬಂದಿದ್ದ.

"ಅಮ್ಮಾ, ತುಂಬಾ ಹೆದರ್ಕೊಂಡ್ಯಾ?"

"ನನಗೇನೋ, ವಯಸ್ಸಾಯ್ತು" ಎಂದರು ಆಕೆ. "ನನ್ನೊಬ್ಬಳನ್ನ ಬಿಟ್ಟು ನೀವ್ಯಾರೂ ಹೊರಗೆ ಹೋಗ್ತಿರ್ಲಿಲ್ಲವಲ್ಲ, ಅದಕ್ಕೇ ಹೆದರಿದ್ದು ಕಣೋ."

ಟೈಲರ್ ತಾಯಿಯ ಕೈ ಹಿಡಿದುಕೊಂಡು ಮಗುವಿನ ಹಾಗೆ ಅತ್ತುಬಿಟ್ಟ.

ಓದುತ್ತಿರುವ ಅಣ್ಣಂದಿರೇ, ಕೇಳುತ್ತಿರುವ ಅಕ್ಕಂದಿರೇ, ಬೆಂಕಿ ಬಿದ್ದಾಗ ಬಾವಿ ತೋಡಿದರೆ ಏನೂ ಸಿಗುವುದಿಲ್ಲ. ಇವತ್ತೇ ಎದ್ದು ನಿಮ್ಮ ಬೈಕಿನ ಫ್ಯೂಸ್ ಡಬ್ಬಿ ತೆರೆದು ನೋಡಿ. ಅಲ್ಲಿ ಬೇಗಡೆಯೋ ತಂತಿಯ ಚೂರೋ ಇದ್ದರೆ ಬೈಕನ್ನು ಮನೆಯಿಂದ ಹೊರಗೆ ತನ್ನಿ, ಅದನ್ನು ಕಿತ್ತುಹಾಕಿ, ರಿಪೇರಿಯಾಗುವ ತನಕ ಓಡಿಸಬೇಡಿ. ದೀಪ ಮಿಣುಕಿದರೆ ಏಟು ಹಾಕಬೇಡಿ, ತಿಳಿದವರಿಗೆ ತೋರಿಸಿ. ಮನೆಯಲ್ಲಿ ಯಾರಾದರೂ "ಸುಟ್ಟ ವಾಸನೆ" ಎಂದರೆ ಎದ್ದು ಹೋಗಿ ನೋಡಿ. ಬಾಗಿಲಿಗೆ ಅಡ್ಡವಾಗಿ ಗಾಡಿ ನಿಲ್ಲಿಸಲೇಬೇಡಿ. ಒಳಗೆ ಮಲಗಿರುವವರು ನಿಮ್ಮನ್ನು ನಂಬಿ ಕಣ್ಣು ಮುಚ್ಚಿದ್ದಾರೆ.