ಹನ್ನೆರಡೂವರೆ ಕಿಲೋ

ಇದು ಆ ಗುಮ್ಮನಗುಸುಕನದೇ ಕೈವಾಡ ಎಂದು ತಂಗಿ ಮೊದಲ ದಿನವೇ ತೀರ್ಮಾನಿಸಿಬಿಟ್ಟಿದ್ದಳು. ಇಲ್ಲದಿದ್ದರೆ, ಇಪ್ಪತ್ತು ವರ್ಷ ಮಕ್ಕಳ ವಾರ್ಡಿನಲ್ಲೇ ಜೀವ ಸವೆಸಿದ ಅಕ್ಕನಿಗೆ ನೋಟಿಸು ಬರುವುದೆಂದರೇನು?

ವಿಷಯ ಇಷ್ಟೇ. ಮಗುವಿನ ತೂಕ ಹಾಕಿದರೆ ಎಷ್ಟು ಔಷಧಿ ಕೊಡಬೇಕೆಂದು ಹೇಳುವ ಆಪ್ ಒಂದನ್ನು ಆಸ್ಪತ್ರೆ ಮಾಡಿಸಿಕೊಂಡಿತ್ತು. ನರ್ಸುಗಳ ಫೋನಿನಲ್ಲಿ ಲೆಕ್ಕ ಹಾಕುವ ಭಾಗ ಬರೆದವಳು ತಂಗಿ; ಅಕ್ಕನಿಗೆ ಮಾತ್ರ ಆಪ್ ತಂಗಿಯ ಆಫೀಸಿನದೆಂದಷ್ಟೇ ಗೊತ್ತು. ಅದೇ ಲೆಕ್ಕವನ್ನು ಸರ್ವರಿನಲ್ಲಿ ಇನ್ನೊಮ್ಮೆ ಹಾಕಿ ದಾಖಲೆ ಇಡುವ ಭಾಗ ಆಫೀಸಿನಲ್ಲಿ ಅವಳ ಎದುರು ಮೇಜಿನವನದು. ಅವನಿಗೆ ಮಾತು ಕಡಿಮೆ, ನಗು ಇನ್ನೂ ಕಡಿಮೆ. ಗುಮ್ಮನಗುಸುಕ ಎಂದು ಹೆಸರಿಟ್ಟವಳೂ ಇವಳೇ. ಈಗ ಸರ್ವರಿನ ದಾಖಲೆ ಐದು ಮಿಲಿ ಎನ್ನುತ್ತದೆ, ಅಕ್ಕ ಕೊಟ್ಟದ್ದು ಐದು ಪಾಯಿಂಟ್ ಎರಡು. ಒಂದೇ ತಿಂಗಳಲ್ಲಿ ಹೀಗೆ ಏಳು ಸಲ; ಉಳಿದ ನರ್ಸುಗಳು ಇನ್ನೂ ಹಳೆಯ ಚಾರ್ಟನ್ನೇ ನೋಡುತ್ತಿದ್ದರಿಂದ ಸಿಕ್ಕಿಬಿದ್ದವಳು ಅಕ್ಕ ಒಬ್ಬಳೇ. ಮಕ್ಕಳಿಗೇನೂ ಆಗಲಿಲ್ಲ, ಪುಣ್ಯ. ಆದರೂ ಅಂದಾಜಿನ ಮೇಲೆ ಔಷಧಿ ಕೊಡುತ್ತಾಳೆಂಬ ಆರೋಪ ಬಂತು. ಇವತ್ತು ಹನ್ನೊಂದಕ್ಕೆ ವಿಚಾರಣೆ, ಕೆಲಸ ಉಳಿಯುವುದೇ ಅನುಮಾನ.

"ಫೋನ್ ತೋರಿಸಿದ್ದನ್ನೇ ಕೊಟ್ಟೆ ಕಣೇ" ಎಂದಿದ್ದಳು ಅಕ್ಕ. ನಂಬುವವರು ಯಾರು? ಫೋನಿನಲ್ಲಿ ಬಂದದ್ದು ಅಳಿಸಿಹೋಗುತ್ತದೆ, ಸರ್ವರಿನದು ಉಳಿಯುತ್ತದೆ.

ಮೂರು ತಿಂಗಳ ಹಿಂದೆ ಅವನು ತಂಗಿಯ ಫೈಲನ್ನು ಮೂರು ಸಲ ಕೇಳಿದ್ದ. ಲೆಕ್ಕ ಎರಡು ಕಡೆ ಬೇಡ, ಒಂದೇ ಕಡೆ ಬರೆದು ಫೋನೂ ಸರ್ವರೂ ಅದನ್ನೇ ಬಳಸಲಿ ಎಂದಿದ್ದ. ಹೌದೌದು, ಇವಳು ಬರೆದದ್ದನ್ನು ಹೊಡೆದುಕೊಂಡು ತನ್ನದೆಂದು ಮೆರೆಯುವುದಕ್ಕೆ! ಯಾರ ಕಿವಿಗೆ ಹೂವಿಡಲು ಬಂದಿದ್ದಾನೆ ಎಂದುಕೊಂಡು ಅವಳು ಕೊಡದೆ ಸತಾಯಿಸಿದ್ದಳು. ನೋಟಿಸು ಬಂದಮೇಲಂತೂ ಇವಳು ಹತ್ತಿರ ಸುಳಿದರೆ ಸಾಕು, ಅವನು ಕಂಪ್ಯೂಟರಿನ ಪರದೆ ಮುಚ್ಚುತ್ತಿದ್ದ. ಇವತ್ತು ಬೆಳಿಗ್ಗೆ ಕಾಗದದ ಕಟ್ಟು ಹಿಡಿದು ಎಲ್ಲಿಗೋ ಹೋದವನು ಪತ್ತೆಯಿಲ್ಲ.

ಅವನಿಲ್ಲದ್ದೇ ಸರಿಹೋಯಿತು. ಸರ್ವರಿನ ಕಡತಗಳನ್ನು ಯಾರು ಬೇಕಾದರೂ ತೆರೆದು ನೋಡಬಹುದಿತ್ತು, ತಂಗಿ ಜಾಲಾಡಿದಳು. ನಾಲ್ಕು ತಿಂಗಳಿಂದ ಅವನು ಒಂದಕ್ಷರ ಮುಟ್ಟಿರಲಿಲ್ಲ. ಹಲ್ಲು ಕಚ್ಚಿಕೊಂಡು, ಅಕ್ಕ ಹೇಳಿದ ತೂಕವನ್ನು ಎರಡೂ ಕಡೆ ಹಾಕಿದಳು. ಹನ್ನೆರಡೂವರೆ ಕಿಲೋ. ಅವನ ಲೆಕ್ಕ ಹನ್ನೆರಡೂವರೆಯನ್ನೇ ಗುಣಿಸಿ ಐದು ಎಂದಿತು. ಇವಳದು ಅರ್ಧ ಕಿಲೋ ಸೇರಿಸಿ ಮೊದಲು ಹದಿಮೂರು ಮಾಡಿಕೊಂಡು, ಆಮೇಲೆ ಗುಣಿಸಿ, ಐದು ಪಾಯಿಂಟ್ ಎರಡು ಎಂದಿತು.

ಫೈಲು ಕೇಳಿ ಅವನು ಕಳಿಸಿದ್ದ, ತಾನು ತೆರೆಯದೆ ಬಿಟ್ಟಿದ್ದ ಹಳೆಯ ಇಮೇಲನ್ನು ಹುಡುಕಿ ತೆಗೆದಳು. "ಅರ್ಧ ಕಿಲೋ ಬಂದಾಗ ನಮ್ಮಿಬ್ಬರ ಲೆಕ್ಕ ಬೇರೆ ಆಗಬಹುದು ಅಂತ ಅನುಮಾನ. ನಿಮ್ಮದು ನೋಡದೆ ಹೇಳೋಕಾಗಲ್ಲ" ಎಂದು ಬರೆದಿದ್ದ.

ಅವಳು ಆಸ್ಪತ್ರೆಗೆ ಓಡಿದಳು. ವಿಚಾರಣೆಯ ಕೋಣೆಯ ಹೊರಗೆ ಬೆಂಚಿನ ಮೇಲೆ ಅಕ್ಕ ಕೂತಿದ್ದಳು, ಮಡಿಲಲ್ಲಿ ನೋಟಿಸು.

"ನಿಮ್ಮ ಆಫೀಸಿನವರು ಒಬ್ಬರು ಬಂದಿದಾರೆ" ಎಂದಳು ಅಕ್ಕ. "ಅರ್ಧ ಗಂಟೆಯಿಂದ ಒಳಗೇ ಇದಾರೆ. ನರ್ಸಮ್ಮಂದು ತಪ್ಪಿಲ್ಲ, ಲೆಕ್ಕ ಬರೆದ ನಮ್ಮಿಬ್ಬರದ್ದು ಅಂತಿದ್ರು, ಇಲ್ಲಿಗೇ ಕೇಳಿಸ್ತು. ಆ ಇನ್ನೊಬ್ಬರು ಯಾರೇ?"

ತಂಗಿಗೆ ಅಕ್ಕನ ಮುಖ ನೋಡಲಾಗಲಿಲ್ಲ. ಬಾಗಿಲು ತಳ್ಳಿ ಒಳಗೆ ಹೋದಳು. ಮೇಜಿನ ಮೇಲೆ ಕಾಗದ ಹರಡಿಕೊಂಡು ನಿಂತಿದ್ದ ಗುಮ್ಮನಗುಸುಕ ತಿರುಗಿ ನೋಡಿದ.

"ಇಬ್ಬರದ್ದಲ್ಲ ಸಾರ್," ಎಂದಳು ಅಧಿಕಾರಿಗೆ. "ಇವರು ಮೂರು ಸಲ ಕೇಳಿದ್ರು. ನಾನೇ ಕೊಡಲಿಲ್ಲ."