ಕುಂಚಿಗಿ ಹೊತ್ತ ಪೆನ್ ಡ್ರೈವ್

ನಾನೊಂದು ಪೆನ್ ಡ್ರೈವ್. ಕಿರುಬೆರಳಿನಷ್ಟೇ ಇದ್ದೇನೆಂದು ಮೂಗು ಮುರಿಯಬೇಡಿ. ಎಲ್ಲೋ ಸಮುದ್ರದಾಚೆಯ ಕಾರ್ಖಾನೆಯಲ್ಲಿ ಒಂದೇ ಅಚ್ಚಿನ ಸಾವಿರಾರು ಒಡಹುಟ್ಟಿದವರ ನಡುವೆ ಹುಟ್ಟಿದೆ. ಅಲ್ಲಿಯ ಭಾಷೆ ನನಗೆ ತಿಳಿಯಲಿಲ್ಲ, ಕಲಿಯುವಷ್ಟು ದಿನ ಅವರು ಇಟ್ಟುಕೊಳ್ಳಲೂ ಇಲ್ಲ. ಬಾಗಲಕೋಟೆಯ ಅಂಗಡಿಯೊಂದರಲ್ಲಿ ಮೊಳೆಗೆ ಜೋತುಬಿದ್ದಿದ್ದಾಗ ಫೋಟೊ ಸ್ಟುಡಿಯೊದ ಈರಣ್ಣ ಬಂದು ನನ್ನನ್ನು ಕೊಂಡ. ಕನ್ನಡ ಕಲಿತದ್ದು ಅವನ ಜೇಬಿನಲ್ಲಿ. ಬೈಗುಳದಿಂದಲೇ ಪಾಠ ಶುರುವಾಯಿತು.

ಈರಣ್ಣ ನನ್ನೊಳಗೆ ಒಂದು ಮದುವೆಯ ಫೋಟೊ ತುಂಬಿ ಗುಳೇದಗುಡ್ಡದ ಹಾಲಪ್ಪನವರ ಮನೆಗೆ ಕೊಟ್ಟ. ಮದುಮಗಳು ವನಜಾ, ಹಾಲಪ್ಪನವರ ಸೊಸೆ. ಹೀಗೆ ಅವಳೂ ನಾನೂ ಒಂದೇ ಮದುವೆಯಲ್ಲಿ ಆ ಮನೆ ಸೇರಿದೆವು. ಅದು ಖಣ ನೇಯುವ ಮನೆ. ಖಣ ಗೊತ್ತಲ್ಲ, ನಮ್ಮ ಕಡೆಯ ಹೆಣ್ಣುಮಕ್ಕಳ ಕುಪ್ಪಸದ ಬಟ್ಟೆ. ಮಗ್ಗದ ಕೋಣೆಯ ಕಂಪ್ಯೂಟರಿನಲ್ಲಿ ವನಜಾ ಚಿತ್ತಾರ ಬಿಡಿಸಿ ನನ್ನೊಳಗೆ ಹಾಕುತ್ತಿದ್ದಳು. ನನ್ನನ್ನು ಮಗ್ಗಕ್ಕೆ ಸಿಕ್ಕಿಸಿದರೆ ಮಗ್ಗ ಅದನ್ನೇ ನೇಯುತ್ತಿತ್ತು. ಬೇರೆ ಯಾರ ಮಾತನ್ನೂ ಅದು ಕೇಳುತ್ತಿರಲಿಲ್ಲ. ಹಾಗಾಗಿ ನನಗೂ ಸ್ವಲ್ಪ ಜಂಭ ಬಂದಿತ್ತು, ಸುಳ್ಳೇಕೆ ಹೇಳಲಿ! ಆಯುಧಪೂಜೆಯ ದಿನ ಹಾಲಪ್ಪನವರು ಲಾಳಿ, ಕತ್ತರಿಗಳ ಜೊತೆ ನನಗೂ ವಿಭೂತಿ ಬಳಿದರು.

ವನಜಾ ಹೆರಿಗೆಗೆಂದು ಕಮತಗಿಯ ತವರಿಗೆ ಹೋದಳು. ಹೆಣ್ಣುಕೂಸು ಹುಟ್ಟಿತು. ಬಾಣಂತಿ ಹೊಸ್ತಿಲು ದಾಟುವಂತಿಲ್ಲವಲ್ಲ, ಕಿವಿಗೆ ಹತ್ತಿ, ತಲೆಗೆ ಸ್ಕಾರ್ಫು, ಮಂಚದ ಕೆಳಗೆ ಕೆಂಡ. ಆದರೆ ಕೈ ಸುಮ್ಮನಿರಬೇಕಲ್ಲ! ಅವಳು ಲ್ಯಾಪ್‌ಟಾಪ್ ತೆರೆದು, ರಿಮೋಟ್ ಡೆಸ್ಕ್‌ಟಾಪ್ ಮೂಲಕ ಅಲ್ಲಿಂದಲೇ ಮಗ್ಗದ ಕೋಣೆಯ ಕಂಪ್ಯೂಟರಿನೊಳಗೆ ಬಂದು ಕೆಲಸ ಮಾಡತೊಡಗಿದಳು. "ಬಾಣಂತಿ ಕಣ್ಣು ಹಾಳ ಮಾಡ್ಕೋತಿಯೇನ? ಮುಚ್ಚಿಡು ಅದನ್ನ!" ಎಂದು ಅವಳ ಅವ್ವ ಗದರುತ್ತಲೇ ಇದ್ದಳು.

ಅಲ್ಲಿಯವರೆಗೆ ವನಜಾ ಹಳೆಯ ಚಿತ್ತಾರಗಳನ್ನೇ ನಕಲು ಮಾಡುತ್ತಿದ್ದವಳು. ಈ ಸಲ ತನ್ನದೇ ಒಂದನ್ನು ಬಿಡಿಸಿದ್ದಳು. ಕೂಸಿನ ತಲೆಗೆ ಕಟ್ಟುವ ಕುಂಚಿಗಿಗಳ ಸಾಲು, ನಡುನಡುವೆ ಒಂದೊಂದು ನಕ್ಷತ್ರ. ಅದು ಪೂರ್ತಿಯಾದ ದಿನವೇ ಮಧ್ಯಾಹ್ನ ನೇಕಾರರ ಸಂಘ ಸೇರಿ, ಬರುವ ನಾಗರ ಪಂಚಮಿಗೆ ಯಾವ ಖಣ ನೇಯಬೇಕೆಂದು ಆರಿಸುವುದಿತ್ತು. ನೇಯ್ದ ತುಂಡು ಹಿರಿಯರ ಮುಂದೆ ಬಿದ್ದರೆ ಸರಿ. ಇಲ್ಲವಾದರೆ ಅವಳ ಕುಂಚಿಗಿ ಮೂಲೆಗೆ, ಊರಿಗೆಲ್ಲ ಮತ್ತೆ ಹಳೆಯ ಖಣವೇ.

ಬೆಳಿಗ್ಗೆ ಫೋನು ಬಂತು. "ಮಾವಾರ, ಪೆನ್ ಡ್ರೈವ್ ಹಾಕ್ರಿ." ಹಾಲಪ್ಪನವರು ನನ್ನನ್ನು ಕಂಪ್ಯೂಟರಿಗೆ ಸಿಕ್ಕಿಸಿದರು. ಅತ್ತ ವನಜಾಳ ಪರದೆಯ ಮೇಲೆ ನನ್ನ ಹೆಸರು ಮೂಡಿತು. ಅವಳು ಒತ್ತಿದಳು. ಅನುಮತಿ ಇಲ್ಲ ಎಂದಿತು ಕಂಪ್ಯೂಟರು.

"ತಗಿಯಾಕ ಬಿಡವಲ್ದ್ರಿ!" ಎಂದಳು ವನಜಾ, ತೆರೆಯಲು ಬಿಡುತ್ತಿಲ್ಲವೆಂದು.

ಮಗ್ಗಗಳ ಗದ್ದಲದಲ್ಲಿ ಮುದುಕರಿಗೆ ಕೇಳಿಸಿದ್ದು "ಬರವಲ್ದ್ರಿ" ಎಂದು, ಬರುತ್ತಲೇ ಇಲ್ಲ ಎಂಬಂತೆ. "ಬರವಲ್ದಾ? ಅಯ್ಯ, ಪೂಜಿ ವಿಭೂತಿ ಇದರ ಬಾಯಾಗ ಹೊಕ್ಕೈತಿ!" ಎಂದವರೇ ನನ್ನನ್ನು ಕಿತ್ತು ಧೋತರದ ಚುಂಗಿನಿಂದ ತಿಕ್ಕಿದರು. ಗುಂಡುಪಿನ್ನಿನಿಂದ ಕೆರೆದರು. ಉಫ್ ಉಫ್ ಎಂದು ಊದಿದರು. ಊದಿದ್ದಕ್ಕಿಂತ ಉಗುಳಿದ್ದೇ ಹೆಚ್ಚು! ನನಗೆ ಏನೂ ಆಗಿಲ್ಲ ಮಹರಾಯರೇ ಎಂದು ಕೂಗೋಣವೆಂದರೆ ನನಗೆಲ್ಲಿದೆ ದನಿ?

ಹಾಲಪ್ಪನವರಿಗೆ ಭಜನೆ ಕೇಳಲೆಂದು ಅದೇ ಕಂಪ್ಯೂಟರಿನಲ್ಲಿ ಒಂದು ಖಾತೆ ಇತ್ತು. ತಾವೇ ಎದುರಿಗೆ ಕೂತು, ಅದರೊಳಗೆ ಹೋಗಿ ನನ್ನ ಮೇಲೆ ಒತ್ತಿದರು. ಪಟ್ಟನೆ ತೆರೆದುಕೊಂಡೆ.

"ಛಲೋ ಆತ ನೋಡವಾ! ವಿಭೂತಿನ ಆಗಿತ್ತು!"

ವನಜಾ ಮತ್ತೆ ಒತ್ತಿದಳು. ಮತ್ತೆ ಅನುಮತಿ ಇಲ್ಲ. ಹಾಲಪ್ಪನವರು ಸೋತು, "ಹಳೇ ಖಣಾನ ಒಯ್ದ ಇಡತೀನಿ ಬಿಡವಾ. ಕೂಸಿನ ನೋಡ್ಕೋ ಹೋಗು" ಎಂದರು.

"ಮೊದಲ ಮಗ್ಗ ಬಂದ್ ಮಾಡ್ರಿ ಮಾವಾರ!" ವನಜಾ ಚೀರಿದಳು. ಮಗ್ಗಗಳು ನಿಂತವು. "ಬರವಲ್ದು ಅಂದಿಲ್ಲರಿ ನಾ, ಬಿಡವಲ್ದು ಅಂದೆ."

ತನ್ನ ಮಾತು ತನಗೇ ಕೇಳಿಸಿತೇನೋ. ಆಮೇಲೆ ನಿಧಾನವಾಗಿ, "ನಿಮಗ ಬಿಟ್ಟೈತಿ, ನನಗ ಬಿಡವಲ್ದು. ಹಂಗಾರ ಕೆಟ್ಟಿದ್ದು ಪೆನ್ ಡ್ರೈವ್ ಅಲ್ಲ" ಎಂದಳು. ಅಬ್ಬಾ, ಆ ಮಾತು ಕೇಳಿ ನನಗಾದ ಸಮಾಧಾನ ಅಷ್ಟಿಷ್ಟಲ್ಲ!

ಸಂಗತಿ ಇಷ್ಟೇ. ಆ ಕಂಪ್ಯೂಟರಿನಲ್ಲಿದ್ದದ್ದು ಲಿನಕ್ಸ್, ಮಹಾ ಕಟ್ಟುನಿಟ್ಟು. ಅದರ ಬಾಗಿಲಲ್ಲಿ ಪೋಲ್‌ಕಿಟ್ ಎಂಬ ಕಾವಲುಗಾರ ಇರುತ್ತಾನೆ. ಪರದೆಯ ಎದುರಿಗೆ ಕೂತವರನ್ನು ಮನೆಯವರೆಂದು ನಂಬಿ ನನ್ನಂಥವರನ್ನು ತೆರೆಯಲು ಬಿಡುತ್ತಾನೆ. ದೂರದಿಂದ ಬಂದವರಿಗೆ ಊಹೂಂ. ಎದುರಿಗೆ ಕೂತವರು ನನ್ನನ್ನು ತೆರೆದಿಟ್ಟರೆ ಅದು ಅವರ ಪಾಲಿಗಷ್ಟೇ. ಚಿತ್ತಾರವಿದ್ದದ್ದು ವನಜಾಳ ಖಾತೆಯಲ್ಲಿ, ಅದಕ್ಕೆ ಹಾಲಪ್ಪನವರ ಕೈ ಎಟುಕದು. ಕಮತಗಿಯ ಮಂಚದ ಮೇಲೆ ಕೂತ ವನಜಾ, ತಾನೇ ಕಟ್ಟಿದ ಕಂಪ್ಯೂಟರಿಗೆ ಪರಕೀಯಳಾಗಿದ್ದಳು.

ಆ ಕಂಪ್ಯೂಟರಿನ ಯಜಮಾನಿಕೆಯ ಪಾಸ್‌ವರ್ಡ್ ಅವಳ ಹತ್ತಿರವೇ ಇತ್ತು. ಅದರ ಬಲದಿಂದ ಒಂದು ಸಲಕ್ಕೆ ಬಾಗಿಲು ಒದ್ದು ತೆಗೆಯಬಹುದಿತ್ತು. ಆದರೆ ನಾಳೆ ಮತ್ತೆ ಇದೇ ಗೋಳಲ್ಲವೇ? ಅವಳು ಕಾವಲುಗಾರನಿಗೇ ಹೊಸ ಕಟ್ಟಳೆ ಬರೆಯಲು ಕೂತಳು. 'ನೇಕಾರ' ಎಂಬ ಗುಂಪು ಮಾಡಿ, ಅದರಲ್ಲಿದ್ದವರು ಎಲ್ಲಿಂದಲೇ ಬರಲಿ, ಪೆನ್ ಡ್ರೈವ್ ತೆರೆಯಲು ಬಿಡು ಎಂದು ಬರೆದಳು. ತನ್ನ ಹೆಸರು ಸೇರಿಸಿದಳು. ಕೂಸು ಅಳುತ್ತಿತ್ತು, ಅವ್ವ ಬೈಯುತ್ತಿದ್ದಳು, ಎಲ್ಲವೂ ಫೋನಿನಲ್ಲಿ ನನಗೆ ಕೇಳುತ್ತಿತ್ತು.

"ನೀವು ತಗದದ್ದು ಮುಚ್ಚಿ, ನಿಮ್ಮ ಖಾತೆದಿಂದ ಹೊರಗ ಬರ್ರಿ ಮಾವಾರ. ನಾ ಹೊರಗ ಹೋಗಿ ಹೊಳ್ಳಿ ಬರತೀನಿ."

ಹಾಗೇ ಮಾಡಿದರು. ವನಜಾ ಮತ್ತೆ ಒಳಗೆ ಬಂದು ನನ್ನ ಹೆಸರಿನ ಮೇಲೆ ಒತ್ತಿದಳು.

ತೆರೆದುಕೊಂಡೆ! ಹರಿದಾರಿಗಟ್ಟಲೆ ದೂರದಿಂದ ಅವಳ ಕೈ ನನ್ನನ್ನು ಮುಟ್ಟಿತು. ಕುಂಚಿಗಿಗಳು ಸಾಲುಸಾಲಾಗಿ ಒಳಗೆ ಇಳಿದವು. ಹಾಲಪ್ಪನವರು ಖುಷಿಯಲ್ಲಿ ಕಿತ್ತೇಬಿಡುತ್ತಿದ್ದರು, "ಹಂಗ ಕೀಳಬ್ಯಾಡ್ರೀ!" ಎಂದು ಅವಳು ಕೂಗಿ, ಸರಿಯಾಗಿ ಬಿಡಿಸಿಕೊಟ್ಟಳು. ಆಮೇಲೆ ಮುದುಕರು ನನ್ನನ್ನು ಹಿಡಿದು ಮಗ್ಗಕ್ಕೆ ಓಡಿದ್ದೇ ಓಡಿದ್ದು. ಕೆಂಪು ನೂಲಿನ ಮೇಲೆ ಮೊದಲ ಕುಂಚಿಗಿ ಮೂಡಿದಾಗ ಹಾಲಪ್ಪನವರು ಕಣ್ಣೊರೆಸಿಕೊಂಡರು.

ಸಂಘದ ಸಭೆಗೆ ನಾನೂ ಅವರ ಅಂಗಿಯ ಜೇಬಿನಲ್ಲಿ ಹೋದೆ. ತುಂಡು ಕೈಯಿಂದ ಕೈಗೆ ದಾಟಿತು. ಸಂಘದ ಹಿರಿಯರಾದ ಸಂಗನಬಸಪ್ಪನವರು ಅದನ್ನು ಬೆಳಕಿಗೆ ಹಿಡಿದು, "ಪಂಚಮಿಗೆ ಇದ ಇರಲಿ. ಅಲ್ಲೋ ಹಾಲಪ್ಪ, ಯಾಂವ ತಗದಾನ ಇದನ್ನ?" ಎಂದರು.

ಹಾಲಪ್ಪನವರು ಎದ್ದು ನಿಂತರು. "ಯಾಂವ ಅಲ್ಲರಿ, ಯಾಕಿ ಅಂತ ಕೇಳ್ರಿ. ನನ್ನ ಸೊಸಿ ತಗದಾಳ, ವನಜಾ. ಬಾಣಂತಿ ಮಂಚದ ಮ್ಯಾಲ ಕುಂತು ತಗದಾಳ!"

ಆ ಪಂಚಮಿಗೆ ಜೋಕಾಲಿ ಆಡಿದ ಹೆಣ್ಣುಮಕ್ಕಳ ಮೈಮೇಲೆಲ್ಲ ಕುಂಚಿಗಿ ಖಣವೇ. ಓಣಿಯ ಇನ್ನೂ ಇಬ್ಬರು ಸೊಸೆಯಂದಿರು ಆ 'ನೇಕಾರ' ಗುಂಪಿಗೆ ಸೇರಿ, ತವರಿನಿಂದಲೇ ಚಿತ್ತಾರ ಕಳಿಸತೊಡಗಿದರು.

ಈಗ ನನಗೆ ಮುಪ್ಪು. ಮಗ್ಗಕ್ಕೆ ನೇರ ತಂತಿಯೇ ಬಂದಿದೆ, ನನ್ನ ಹಂಗಿಲ್ಲ. ಗುಂಡಿ, ಸೂಜಿಗಳ ಡಬ್ಬಿಯಲ್ಲಿ ಆರಾಮಾಗಿದ್ದೇನೆ. ನಮ್ಮ ಜಾತಿಗೆ ವಯಸ್ಸಾದರೆ ಒಂದು ವಿಚಿತ್ರ ರೋಗ ಬರುತ್ತದೆ. ಹೊಸದನ್ನು ಬರೆಯಲು ಆಗುವುದಿಲ್ಲ, ಇದ್ದದ್ದನ್ನು ಅಳಿಸಲೂ ಆಗುವುದಿಲ್ಲ. ಮೊನ್ನೆ ಯಾರೋ ನನ್ನನ್ನು ಖಾಲಿ ಮಾಡಲು ನೋಡಿ, ಸೋತು, ಬೈದು ಡಬ್ಬಿಗೆ ಎಸೆದರು. ನಾನು ಒಳಗೊಳಗೇ ನಕ್ಕೆ. ವನಜಾಳ ಕುಂಚಿಗಿ ನನ್ನೊಳಗಿದೆ. ಯಾರು ಬೇಕಾದರೂ ಬನ್ನಿ, ಅಳಿಸಿ ನೋಡೋಣ!